ಮಾಲು ಸಂಖ್ಯೆ ಹದಿನೇಳರ ಗಾಯ ವಾಸಿಯಾಗಿರುವ ಬಗ್ಗೆ

ಸಂಖ್ಯೆ: ಪ್ರಾಸಂ/ಜಪ್ತಿ/ಮಾಲು-೧೭/ಗಾಯ (ವಾಸಿ)
ಪ್ರಾಣಿ ಸಂರಕ್ಷಣಾ ಕಚೇರಿ, ಹಳೆಯ ಕಟ್ಟಡ, ಸೈಕಲ್ ಶೆಡ್ಡಿನ ಪಕ್ಕ

ಸುತ್ತೋಲೆ

ವಿಷಯ: ಜಪ್ತಿ ಮಾಲು ಸಂಖ್ಯೆ ೧೭ (ಕತ್ತೆ, ಹೆಣ್ಣು, ಬೂದು ಬಣ್ಣ, ಒಂದು) ಇದರ ಬೆನ್ನಿನ ಮೇಲಿದ್ದ ಗಾಯವು ಇಲಾಖೆಯ ಪೂರ್ವಾನುಮತಿ ಪಡೆಯದೆ ವಾಸಿಯಾಗಿರುವ ಬಗ್ಗೆ.

ಉಲ್ಲೇಖ:
(೧) ಪ್ರಾಣಿಗಳನ್ನು ಹಿಂಸಿಸಬಾರದು ಎಂಬ ಕಾನೂನು.
(೨) ಜಪ್ತಿ ಮಾಡಿದ ಮಾಲನ್ನು ಜಪ್ತಿಯಾದ ಸ್ಥಿತಿಯಲ್ಲಿಯೇ ಕಾಪಾಡಬೇಕು ಎಂಬ ನಿಯಮ.
(೩) ಮೇಲಿನ ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ ಎಂದು ಕೋರಿ ಈ ಕಚೇರಿಯಿಂದ ಮೇಲಿನ ಕಚೇರಿಗೆ ಬರೆದ ಪತ್ರ.
(೪) 'ಒಟ್ಟಿಗೆ ಪಾಲಿಸತಕ್ಕದ್ದು' ಎಂಬ ಮೇಲಿನ ಕಚೇರಿಯ ಉತ್ತರ.
(೫) ಇದೇ ವಿಷಯದ ಹಿಂದಿನ ಸುತ್ತೋಲೆ (ಮಾಲು ಸಂಖ್ಯೆ ೧೭ ತಿಂದಿರುವುದರಿಂದ ಲಭ್ಯವಿಲ್ಲ).

ಪ್ರಸ್ತಾವನೆ:

ಇಟ್ಟಿಗೆ ಗುತ್ತಿಗೆದಾರರೊಬ್ಬರು ಬೆನ್ನು ಹುಣ್ಣಾದ ಕತ್ತೆಯ ಮೇಲೆ ಇಟ್ಟಿಗೆ ಹೊರಿಸಿ, ಅದು ನಿಂತಲ್ಲೆಲ್ಲ ಹೊಡೆಯುತ್ತಿದ್ದರೆಂದು ದೂರು ಬಂದ ಮೇರೆಗೆ, ಇಲಾಖೆಯ ಕ್ಷಿಪ್ರ ದಳವು ಜೀಪು ಕೆಟ್ಟಿದ್ದರಿಂದ ನಡೆದುಕೊಂಡು ಹೋಗಿ ಸದರಿ ಕತ್ತೆಯನ್ನು ಜಪ್ತಿ ಮಾಡಿರುತ್ತದೆ. ವಾಪಸು ಬರುವಾಗ ದಳದ ಹಿರಿಯ ಸದಸ್ಯರೊಬ್ಬರು ಸುಸ್ತಾಗಿ ಕತ್ತೆಯತ್ತ ನೋಡಿದ್ದು ನಿಜವಾದರೂ, ಅದರ ಮೇಲೆ ಕೂತಿರಲಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

ಕಾನೂನಿನ ಕಣ್ಣಿಗೆ ಪ್ರಾಣಿಯು ಒಂದು ಚರ ವಸ್ತು. ಆದಕಾರಣ ಸದರಿ ಕತ್ತೆಯನ್ನು, ತೂಕದಲ್ಲಿ ಮೋಸ ಮಾಡಿದ ತಕ್ಕಡಿ (ಮಾಲು ಸಂಖ್ಯೆ ೧೬) ಮತ್ತು ಬೀಗದ ಕೈ ಕಳೆದಿರುವ ಕಬ್ಬಿಣದ ಪೆಟ್ಟಿಗೆ (ಮಾಲು ಸಂಖ್ಯೆ ೧೮) ಇವುಗಳ ನಡುವೆ ದಾಖಲಿಸಲಾಗಿದೆ. ಮೂರೂ ಪರಸ್ಪರ ಹೊಂದಿಕೊಂಡು ಇರುತ್ತವೆ.

ಹಿಂಸೆ ನಡೆದಿದೆ ಎಂಬುದಕ್ಕೆ ಗಾಯವೇ ಸಾಕ್ಷಿ. ಜಪ್ತಿಯ ದಿನ ತೆಗೆಸಿದ ಛಾಯಾಚಿತ್ರದಲ್ಲಿ ಇಲಾಖೆಯ ಎಲ್ಲ ಅಧಿಕಾರಿಗಳೂ ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದು, ಮಾಲಿನ ಎರಡು ಕಿವಿಗಳು ಮಾತ್ರ ಕೆಳಗೆ ಸಹಿ ಮಾಡಿದವರ ತಲೆಯ ಹಿಂದಿನಿಂದ ಮೇಲೆದ್ದು ಕಾಣುತ್ತವೆ. ಆ ಕಿವಿಗಳು ಯಾರವು ಎಂದು ಪ್ರತಿವಾದಿಯ ವಕೀಲರು ಲಿಖಿತವಾಗಿ ಪ್ರಶ್ನಿಸಿದ್ದು, ಉತ್ತರ ಕೊಡಲು ಕಾಲಾವಕಾಶ ಕೋರಲಾಗಿದೆ. ಇಲಾಖೆಯ ಪಶುವೈದ್ಯರು ಮಗಳ ಮದುವೆಯ ರಜೆ ಮುಗಿಸಿ ಬಂದು ಪರೀಕ್ಷಿಸುವ ಹೊತ್ತಿಗೆ ಬೆನ್ನ ಮೇಲೆ ಹೊಸ ಕೂದಲು ಬಂದಿದ್ದರಿಂದ, 'ಪ್ರಾಣಿ ಮಿರಮಿರ ಮಿಂಚುತ್ತಿದೆ, ಇಂಥ ಕತ್ತೆಯನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ' ಎಂದು ಪ್ರಮಾಣಪತ್ರ ನೀಡಿ ಉಪಕಾರ ಮಾಡಿರುತ್ತಾರೆ.

ಹೀಗಾಗಿ ಇಲಾಖೆಯ ಬಳಿ ಇದ್ದ ಏಕೈಕ ಸಾಕ್ಷಿ ಕತ್ತೆಯ ಬೆನ್ನಿನ ಮೇಲಿತ್ತು. ಅದನ್ನು ಇಲಾಖೆಯೇ ಮುಲಾಮು ಹಚ್ಚಿ ಅಳಿಸಿರುತ್ತದೆ.

ಮುಂದಿನ ವಿಚಾರಣೆಯಲ್ಲಿ ಗಾಯ ಕಾಣದಿದ್ದರೆ ಹಿಂಸೆ ಇಲ್ಲ, ಹಿಂಸೆ ಇಲ್ಲದಿದ್ದರೆ ಮೊಕದ್ದಮೆ ಇಲ್ಲ, ಮೊಕದ್ದಮೆ ಇಲ್ಲದಿದ್ದರೆ ಮಾಲನ್ನು ಮಾಲೀಕರಿಗೆ ಒಪ್ಪಿಸತಕ್ಕದ್ದು. ಸದರಿ ಗುತ್ತಿಗೆದಾರರು ಆಗಾಗ್ಗೆ ಕಚೇರಿಯ ಹಿಂಬದಿ ಗೋಡೆಯ ಮೇಲಿಂದ ಇಣುಕಿ ನೋಡಿ ಹೋಗುತ್ತಿದ್ದು, ಕಳೆದ ವಾರ ಅವರು ಆಡಿದ ಮಾತನ್ನು ಯಥಾವತ್ತಾಗಿ ಇಲ್ಲಿ ದಾಖಲಿಸಲಾಗಿದೆ: "ಏನ್ ಸಾರ್, ಅತ್ತೆ ಮನೇಲಿ ಅಳಿಯನ್ನ ನೋಡ್ಕೊಂಡ ಹಾಗೆ ನೋಡ್ಕೊಂಡಿದ್ದೀರಿ! ಮೂಳೆ ಕಾಣ್ತಿತ್ತು, ಈಗ ನೋಡಿ ಬೆನ್ನು ಹಲಗೆ ಆಗಿದೆ. ಇನ್ನೊಂದು ಸಾಲು ಇಟ್ಟಿಗೆ ಆರಾಮಾಗಿ ಕೂರುತ್ತೆ. ನಿಮ್ಮ ಋಣ ದೊಡ್ಡದು."

ಈ ಮಾತಿನ ನಂತರ ಕಚೇರಿಯಲ್ಲಿ ಆ ದಿನ ಯಾವ ಕಡತವೂ ಮುಂದೆ ಸಾಗಿರುವುದಿಲ್ಲ. ಉಳಿದ ದಿನಗಳಲ್ಲಿಯೂ ಸಾಗುವುದಿಲ್ಲವಾದರೂ, ಅಂದು ಕಾರಣವಿತ್ತು.

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಇನ್ನು ಮುಂದೆ ಜಪ್ತಿ ಮಾಲಿನ ಯಾವುದೇ ಗಾಯವು ವಾಸಿಯಾಗಬೇಕಾದಲ್ಲಿ, ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಪ್ರಸ್ತಾವನೆ ಸಲ್ಲಿಸಿ ಮಂಜೂರಾತಿ ಪಡೆಯತಕ್ಕದ್ದು. ಮಂಜೂರಾತಿ ಬರುವವರೆಗೆ ಗಾಯವು ಇದ್ದಲ್ಲಿಯೇ ಇರತಕ್ಕದ್ದು. ತಾನಾಗಿಯೇ ವಾಸಿಯಾದ ಗಾಯವನ್ನು ಪ್ರಕೃತಿ ವಿಕೋಪ ಎಂದು ವರದಿ ಮಾಡತಕ್ಕದ್ದು.

೨. ನಿಯಮದಂತೆ ಪ್ರತಿ ಮಾಲಿಗೂ ಅರಗಿನ ಮೊಹರು ಇರತಕ್ಕದ್ದು. ಬಿಸಿ ಅರಗನ್ನು ಪ್ರಾಣಿಯ ಮೈಮೇಲೆ ಹಾಕುವುದು ಉಲ್ಲೇಖ (೧)ರ ಪ್ರಕಾರ ಅಪರಾಧ. ತಣ್ಣನೆಯ ಅರಗು ಅಂಟುವುದಿಲ್ಲ. ಈ ಕಾರಣ ಚೀಟಿಯ ಮೇಲೆ ಮೊಹರು ಒತ್ತಿ ಕೊರಳಿಗೆ ಕಟ್ಟಲಾಗಿತ್ತು. ಮಾಲು ಕತ್ತು ಬಗ್ಗಿಸಿ ಸದರಿ ಚೀಟಿಯನ್ನು ಮೊಹರು ಸಮೇತ ತಿಂದಿರುತ್ತದೆ. ಮೊಹರು ಈಗಲೂ ಮಾಲಿನೊಂದಿಗೇ ಇರುವುದರಿಂದ, ಮಾಲು ಒಳಗಿನಿಂದ ಮೊಹರಾಗಿದೆ ಎಂದು ಪರಿಗಣಿಸತಕ್ಕದ್ದು. ಮರುದಿನ ಬೆಳಿಗ್ಗೆ ಈ ಸ್ಥಿತಿ ಬದಲಾಗಿದ್ದು, ಆ ಬಗ್ಗೆ ಪ್ರತ್ಯೇಕ ವರದಿ ಬೇಡವೆಂದು ಅಂದೇ ಮೌಖಿಕವಾಗಿ ತಿಳಿಸಲಾಗಿದೆ.

೩. ಮಾಲುಗಳ ನಿರ್ವಹಣೆಗೆ ಇರುವ ಲೆಕ್ಕ ಶೀರ್ಷಿಕೆ ಒಂದೇ: 'ತುಕ್ಕು ಹಿಡಿಯದಂತೆ ಎಣ್ಣೆ'. ಆದ್ದರಿಂದ ಹುಲ್ಲನ್ನು ಎಣ್ಣೆ ಎಂದೂ, ಹೊಟ್ಟನ್ನು ಗ್ರೀಸ್ ಎಂದೂ ಬರೆಯುವ ಈಗಿನ ಪದ್ಧತಿಯನ್ನು ಮುಂದುವರಿಸತಕ್ಕದ್ದು. ಲೆಕ್ಕ ತಪಾಸಣೆಯವರು ಬಂದು ಕೇಳಿದಲ್ಲಿ, ಕತ್ತೆಗೆ ಇದುವರೆಗೂ ತುಕ್ಕು ಹಿಡಿದಿಲ್ಲ ಎಂಬುದನ್ನು ಖುದ್ದಾಗಿ ತೋರಿಸತಕ್ಕದ್ದು.

೪. ಮುಲಾಮು ಹಚ್ಚಿದವರು ಯಾರು ಎಂದು ಪತ್ತೆ ಹಚ್ಚಲು ಏಕಸದಸ್ಯ ಸಮಿತಿ ರಚಿಸಲಾಗಿತ್ತು. ಸಮಿತಿಯ ಮುಂದೆ ಸಿಬ್ಬಂದಿ ನೀಡಿದ ಹೇಳಿಕೆಗಳ ಸಾರಾಂಶ ಕೆಳಗಿದೆ. ಪ್ರತಿಯೊಬ್ಬರೂ ತಾವೊಬ್ಬರೇ ತಪ್ಪಿತಸ್ಥರೆಂದು ನಂಬಿ, ಬೇರೆಯವರಿಗೆ ತಿಳಿಯದಂತೆ, ಹಿಂಬಾಗಿಲಿನಿಂದ, ಮಾಲನ್ನು ಕಟ್ಟಿರುವ ಸೈಕಲ್ ಶೆಡ್ಡಿಗೆ ಹೋಗಿ ಬರುತ್ತಿದ್ದರು ಎಂಬುದು ಕಂಡುಬಂದಿರುತ್ತದೆ.

(ಅ) ಬೆರಳಚ್ಚುಗಾರ್ತಿ: "ನಾನು ಕೊಟ್ಟಿದ್ದು ಬರೀ ಸೌತೆಕಾಯಿ ಸಿಪ್ಪೆ ಸಾರ್. ಸಿಪ್ಪೆ ತಿಂದ್ರೆ ಗಾಯ ವಾಸಿ ಆಗುತ್ತಾ? ಹಾಗಿದ್ರೆ ನಮ್ಮ ಅತ್ತೆ ಮೊಣಕಾಲಿಗೂ ಕೊಡ್ತಿದ್ದೆ." ಸಿಪ್ಪೆಯೊಂದಿಗೆ ಸೌತೆಕಾಯಿಯೂ ಹೋಗುತ್ತಿತ್ತೇ ಎಂದು ಕೇಳಿದೊಡನೆ ಯಂತ್ರದ ರಿಬ್ಬನ್ ಬದಲಿಸಲು ಎದ್ದು ಹೋಗಿರುತ್ತಾರೆ.

(ಆ) ಜೀಪು ಚಾಲಕ: "ಮುಲಾಮಾ? ಅದು ನಮ್ಮನೆಯವಳು ಕಾಲಿನ ಬಿರುಕಿಗೆ ಹಚ್ಕೊಳ್ಳೋದು. ಜೇಬಲ್ಲಿತ್ತು, ಮುಚ್ಚಳ ಸಡಿಲ ಇತ್ತು. ಕತ್ತೆ ಬಂದು ಒರಗಿದ್ರೆ ನಾನೇನ್ ಮಾಡ್ಲಿ?" ಜೇಬಿನಿಂದ ಬೆನ್ನಿನ ಮೇಲಕ್ಕೆ ಮುಲಾಮು ಹೇಗೆ ಏರಿತು ಎಂಬುದು ತಾಂತ್ರಿಕ ವಿಷಯವಾಗಿದೆ.

(ಇ) ಜವಾನ: "ನೊಣ ಓಡಿಸ್ದೆ, ಅಷ್ಟೇ. ನೊಣ ಓಡಿಸೋದು ನನ್ನ ಡ್ಯೂಟಿನೇ ಅಲ್ವಾ ಸಾರ್? ನಿಮ್ಮ ರೂಮಲ್ಲೂ ಅದನ್ನೇ ಮಾಡ್ತೀನಿ. ಇದಾದ್ರೆ ಬಾಲ ಬೀಸಿ ಸ್ವಲ್ಪ ಸಹಾಯನಾದ್ರೂ ಮಾಡುತ್ತೆ."

(ಈ) ದಫ್ತರಖಾನೆಯ ಹಿರಿಯ ಗುಮಾಸ್ತರು ಊಟದ ಬಿಡುವಿನಲ್ಲಿ ಮಾಲಿನ ಮುಂದೆ ಕೂತು ರಾಗವಾಗಿ ಪದ್ಯ ಓದುತ್ತಿದ್ದರು ಎಂಬ ಆರೋಪಕ್ಕೆ: "ಓದಿದ್ದು ಹೌದು. ಮನೆಯಲ್ಲಿ ಪುಸ್ತಕ ತೆಗೆದರೆ ಒಬ್ಬೊಬ್ಬರಾಗಿ ಎದ್ದು ಹೋಗ್ತಾರೆ. ಇದನ್ನ ಕಟ್ಟಿಹಾಕಿದ್ದಾರೆ ಪಾಪ, ಎಲ್ಲಿಗೆ ಹೋಗುತ್ತೆ ಅಂತ ಶುರು ಮಾಡಿದೆ. ಒಂದು ದಿನ ಹಗ್ಗ ಬಿಚ್ಚಿಹೋಗಿತ್ತು. ಆದ್ರೂ ಹೋಗಲಿಲ್ಲ ಸಾರ್. ಕಿವಿ ಎರಡೂ ನನ್ನ ಕಡೆ ತಿರುಗಿಸಿಕೊಂಡು ನಿಂತೇ ಇತ್ತು. ಅವತ್ತು ಅದೇ ಪದ್ಯನ ಮೊದಲಿಂದ ಇನ್ನೊಂದು ಸಲ ಓದಿದೆ." ಪದ್ಯವನ್ನು ಆಹಾರದ ಅಡಿಯಲ್ಲಿ ಸೇರಿಸಬೇಕೋ ಔಷಧದ ಅಡಿಯಲ್ಲಿ ಸೇರಿಸಬೇಕೋ ಎಂಬುದು ಪರಿಶೀಲನೆಯಲ್ಲಿದೆ.

(ಉ) ಕಚೇರಿ ಗುಡಿಸುವ, ಎಲ್ಲರೂ ಅಕ್ಕ ಎಂದೇ ಕರೆಯುವ ದಿನಗೂಲಿ ನೌಕರರು, ಮಾಲಿಗೆ ಹೆಸರಿಟ್ಟಿದ್ದಾರೆ ಎಂಬ ಆರೋಪಕ್ಕೆ: "ಹೆಸರೂ ಇಲ್ಲ ಗಿಸರೂ ಇಲ್ಲ ಸಾರ್. ಸುಮ್ನೆ 'ಬಾರೇ ತಾಯಿ' ಅಂತೀನಿ, ಬರ್ತಾಳೆ. 'ಹೋಗೇ ತಾಯಿ' ಅಂದ್ರೂ ಬರ್ತಾಳೆ. ಬಂದಾಗ ರಾತ್ರಿಯೆಲ್ಲ ನಿಂತೇ ಇರ್ತಿದ್ಲು ಅಂತ ವಾಚ್‌ಮನ್ ಹೇಳ್ದ. ಮಲಗಿದ್ರೆ ಹೊಡೀತಾರೆ ಅಂತ ಭಯ ಇರ್ಬೇಕು. ಗೋಣಿಚೀಲ ಹಾಸಿ ನಾನೇ ಮಲಗಿ ತೋರಿಸ್ದೆ. ಆಮೇಲೆ ಮಲಗೋದು ಕಲಿತ್ಲು. ಅದೂ ತಪ್ಪಾ?"

(ಊ) ಸಮಿತಿಯ ಏಕೈಕ ಸದಸ್ಯರಾದ ಕೆಳಗೆ ಸಹಿ ಮಾಡಿದವರನ್ನು, ಕೆಳಗೆ ಸಹಿ ಮಾಡಿದವರೇ ವಿಚಾರಣೆಗೆ ಒಳಪಡಿಸಲಾಗಿ, ಅವರ ಕೈ ಬೆರಳುಗಳಿಂದಲೂ ಮುಲಾಮಿನ ವಾಸನೆ ಬರುತ್ತಿದ್ದುದು ಕಂಡುಬಂದಿದೆ. ಸಮಾಧಾನಕರ ವಿವರಣೆ ನೀಡದ ಕಾರಣ ಅವರಿಗೆ ಅವರೇ ಕಠಿಣ ಎಚ್ಚರಿಕೆ ನೀಡಿದ್ದು, ಅವರು ಅದನ್ನು ಗಂಭೀರವಾಗಿ ಪರಿಗಣಿಸಿರುವುದಿಲ್ಲ.

೫. ಮಾಲಿನ ಸಮಕ್ಷಮದಲ್ಲಿ ಸಿಬ್ಬಂದಿಯು ಪರಸ್ಪರರನ್ನು 'ಕತ್ತೆ' ಎಂದು ಬೈಯುವುದನ್ನು ನಿಷೇಧಿಸಲಾಗಿದೆ. ಹೀಗೆ ಬೈದಾಗ ಮಾಲು ತಲೆಯೆತ್ತಿ ನೋಡುತ್ತದೆ ಮತ್ತು ಬೈಸಿಕೊಂಡವರೂ ತಲೆಯೆತ್ತುತ್ತಾರೆ. ಇಬ್ಬರ ನಡುವೆ ಸಾರ್ವಜನಿಕರಿಗೆ ಗೊಂದಲ ಉಂಟಾಗುತ್ತಿದೆ. 'ಕತ್ತೆ ಚಾಕರಿ' ಎಂಬ ಪ್ರಯೋಗವನ್ನೂ ಕೈಬಿಡತಕ್ಕದ್ದು. ಈ ಕಚೇರಿಯಲ್ಲಿ ಕತ್ತೆಯು ಯಾವುದೇ ಚಾಕರಿ ಮಾಡುತ್ತಿಲ್ಲ ಮತ್ತು ಈ ವಿಷಯದಲ್ಲಿ ಅದು ಇತರ ಸಿಬ್ಬಂದಿಗೆ ಸರಿಸಮಾನವಾಗಿದೆ. ಕತ್ತೆಗೆ ಕಸ್ತೂರಿಯ ಪರಿಮಳ ತಿಳಿಯದು ಎಂಬ ಗಾದೆಯನ್ನು ತಡೆಹಿಡಿಯಲಾಗಿದೆ. ಕಳೆದ ತಪಾಸಣೆಯ ವೇಳೆ ಮೇಲಿನ ಕಚೇರಿಯ ಅಧಿಕಾರಿಗಳು ಪೂಸಿಕೊಂಡು ಬಂದಿದ್ದ ಅತ್ತರನ್ನು ಮೂಸಿ ಮಾಲು ಮುಖ ತಿರುಗಿಸಿದ್ದು, ಅಭಿರುಚಿ ಇದೆ ಎಂಬುದು ಸಾಬೀತಾಗಿದೆ.

೬. ಸಭೆಯ ನಡುವೆ ಮಾಲು ಅರಚಿದಲ್ಲಿ ನಡಾವಳಿಯಲ್ಲಿ 'ಸದಸ್ಯರೊಬ್ಬರು ಅಸಮ್ಮತಿ ಸೂಚಿಸಿದರು' ಎಂದು ಬರೆಯಬಾರದು. ಹೋದ ಸಲ ಹಾಗೆ ಬರೆದದ್ದರಿಂದ ಸದರಿ ಸದಸ್ಯರಿಗೆ ಪ್ರಯಾಣ ಭತ್ಯೆ ಮಂಜೂರಾಗಿ ಬಂದಿರುತ್ತದೆ.

೭. ವಿಚಾರಣೆಯ ದಿನ ಮಾಲನ್ನು ಜಪ್ತಿಯಾದ ಸ್ಥಿತಿಯಲ್ಲಿ ಹಾಜರುಪಡಿಸುವ ಬಗ್ಗೆ ಬಂದ ಸಲಹೆಗಳನ್ನು ಪರಿಶೀಲಿಸಿ ಈ ಕೆಳಗಿನಂತೆ ತೀರ್ಮಾನಿಸಲಾಗಿದೆ. ಕೆಂಪು ಶಾಯಿಯಿಂದ ಗಾಯ ಬರೆಯುವುದು: ಕೆಂಪು ಶಾಯಿ ಬಳಸುವ ಅಧಿಕಾರ ಮೇಲಿನ ಕಚೇರಿಗೆ ಮಾತ್ರ ಇರುವುದರಿಂದ ತಿರಸ್ಕರಿಸಲಾಗಿದೆ. ಕೆಲವು ದಿನ ಉಪವಾಸ ಕೆಡವುವುದು: ಈ ಸಲಹೆ ಕೊಟ್ಟವರನ್ನು ಅಕ್ಕ ಅವರು ಪೊರಕೆ ಹಿಡಿದು ಮೆಟ್ಟಿಲವರೆಗೆ ಬೀಳ್ಕೊಟ್ಟಿರುವುದರಿಂದ ಪರಿಗಣಿಸಿಲ್ಲ. ಜೊತೆಗೆ ಸಣಕಲು ಸಿಬ್ಬಂದಿಯನ್ನು ಕಳುಹಿಸಿ ಕರುಣೆ ಹುಟ್ಟಿಸುವುದು: ಈ ಕಚೇರಿಯಲ್ಲಿ ಅಂಥವರು ಲಭ್ಯರಿಲ್ಲ. ಮಾಲು ಸುಳ್ಳು ಹೇಳದು. ಈ ಒಂದು ಬಾರಿ ಇಲಾಖೆಯೂ ಹೇಳಬಾರದು.

೮. ವಿಚಾರಣೆಯ ಹಿಂದಿನ ಸಂಜೆ ಮಾಲನ್ನು ನೋಡಲು ಹೋಗುವವರು ಕಣ್ಣೊರೆಸಿಕೊಳ್ಳಲು ಕಚೇರಿಯ ಕಡತದ ಬಟ್ಟೆಗಳನ್ನು ಬಳಸಬಾರದು. ಒಬ್ಬರು ಒಳಗಿರುವಾಗ ಇನ್ನೊಬ್ಬರು ಹಿಂಬಾಗಿಲಿನಲ್ಲಿ ಕೆಮ್ಮಿ ಸೂಚನೆ ಕೊಡತಕ್ಕದ್ದು.

ಮೇಲ್ಕಂಡ ಸೂಚನೆಗಳನ್ನು ಮೀರಿದವರ ವಿರುದ್ಧ, ಕ್ರಮ ಜರುಗಿಸಲು ಯಾರಾದರೂ ನಿರಪರಾಧಿ ಸಿಕ್ಕಿದಲ್ಲಿ, ಶಿಸ್ತು ಕ್ರಮ ಜರುಗಿಸಲಾಗುವುದು.

ರವಾನೆಗೆ ಮುನ್ನ ಸೇರಿಸಿದ ಷರಾ:

ಈ ಸುತ್ತೋಲೆಯು ಸಹಿಯಾಗಿ ರವಾನೆ ಶಾಖೆಯಲ್ಲಿ ಅಂಟಿಗಾಗಿ ಕಾಯುತ್ತಿರುವಾಗಲೇ ವಿಚಾರಣೆ ಮುಗಿದುಹೋಗಿರುವುದರಿಂದ, ಅದರ ವಿವರವನ್ನೂ ಇದರಲ್ಲಿಯೇ ತಿಳಿಯಪಡಿಸಲಾಗಿದೆ.

ಅಂದು ಕಚೇರಿಯ ಸಮಸ್ತ ಸಿಬ್ಬಂದಿಗೆ ಏಕಕಾಲದಲ್ಲಿ ಹೊಟ್ಟೆನೋವು ಬಂದು ಎಲ್ಲರೂ ರಜೆ ಹಾಕಿದ್ದರು. ಅದೇ ಹೊತ್ತಿಗೆ ಎಲ್ಲರೂ ನ್ಯಾಯಾಲಯದ ಅಂಗಳದಲ್ಲಿ ಪರಸ್ಪರ ಭೇಟಿಯಾದದ್ದು ಆಕಸ್ಮಿಕ. ಮಾಲು ಮೆಟ್ಟಿಲು ಹತ್ತದ ಕಾರಣ ನ್ಯಾಯಾಧೀಶರೇ ಅಂಗಳಕ್ಕೆ ಇಳಿದು ಬಂದರು.

ಪ್ರತಿವಾದಿಯ ವಕೀಲರು ಮಾಲಿನ ಸುತ್ತ ಪ್ರದಕ್ಷಿಣೆ ಹಾಕಿ, "ಎಲ್ಲಿದೆ ಸ್ವಾಮಿ ಗಾಯ? ಒಂದು ಗೀರು ತೋರಿಸಲಿ. ನನ್ನ ಕಕ್ಷಿದಾರರು ಇದನ್ನ ಮನೆಮಗಳ ಹಾಗೆ ಸಾಕಿದ್ದರು" ಎಂದು ವಾದಿಸಿದರು. ಇಲಾಖೆಯ ಪರವಾಗಿ ಹೇಳಬೇಕಾದವರು ತಮ್ಮ ಬೆರಳುಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದರು.

ನ್ಯಾಯಾಧೀಶರು ಗುತ್ತಿಗೆದಾರರಿಗೆ, "ಮಗಳ ಹಾಗೆ ಸಾಕಿದ್ದರೆ ಕರೀರಿ, ಬರಲಿ ನೋಡೋಣ" ಎಂದರು. ಗುತ್ತಿಗೆದಾರರು ಎರಡು ಹೆಜ್ಜೆ ಮುಂದೆ ಬಂದು, ಬಲು ಮೆತ್ತಗೆ, "ಬಾ... ಬಾ" ಎಂದರು.

ಕತ್ತೆ ಬಂತು.

ಅಕ್ಕ ಅವರ ಸೆರಗಿನ ಪಕ್ಕದಿಂದ ಹೊರಟು, ತಲೆ ತಗ್ಗಿಸಿಕೊಂಡು, ನೇರವಾಗಿ ಗುತ್ತಿಗೆದಾರರ ಬಳಿಗೇ ಬಂತು. "ನೋಡಿದ್ರಾ ಸ್ವಾಮಿ, ಹೇಗೆ ಬಂತು!" ಎಂದು ಅವರು ಹೆಮ್ಮೆಪಟ್ಟರು. ಕತ್ತೆ ಅವರ ಪಕ್ಕಕ್ಕೆ ತಿರುಗಿ, ನಾಲ್ಕು ಕಾಲನ್ನೂ ಅಗಲಿಸಿ ಊರಿ, ಕಣ್ಣು ಮುಚ್ಚಿ ನಿಂತಿತು. ಒಂದು ನೊಣವೂ ಇರಲಿಲ್ಲ. ಆದರೂ ಬೆನ್ನಿನ ಚರ್ಮ ಅದುರುತ್ತಿತ್ತು. ನ್ಯಾಯಾಧೀಶರು ಹತ್ತಿರ ಹೋಗಿ, ಹೊಸ ಕೂದಲು ಬಂದ ಆ ಜಾಗದ ಮೇಲೆ ತಮ್ಮ ಅಂಗೈಯನ್ನು ಹಗುರವಾಗಿ ಇಟ್ಟರು. ಇಟ್ಟಿಗೆಯ ಸಾಲೊಂದನ್ನು ಹೇರಿದಂತೆ ಕತ್ತೆ ಮಂಡಿ ಕುಸಿಯಿತು. ಮತ್ತೆ ತಾನೇ ಎದ್ದು, ಮುಂದಿನ ಸಾಲಿಗೆ ನಿಂತಿತು.

ನ್ಯಾಯಾಧೀಶರು ಕೈ ತೆಗೆದು, ಬರೆದುಕೊಳ್ಳುವವರಿಗೆ ಮೂರೇ ಪದ ಹೇಳಿದರು: "ಗಾಯವನ್ನು ಖುದ್ದಾಗಿ ನೋಡಲಾಗಿದೆ."

ಕಾನೂನಿನಲ್ಲಿ ಇಂಥ ಅಪರಾಧಕ್ಕೆ ಇರುವ ದಂಡವು ಈ ಸುತ್ತೋಲೆಯ ಕಾಗದಕ್ಕಿಂತ ಅಗ್ಗವಾಗಿದ್ದು, ಗುತ್ತಿಗೆದಾರರು ಅದನ್ನು ಅಂಗಿ ಜೇಬಿನಿಂದ ತೆಗೆದುಕೊಟ್ಟು, "ಚಿಲ್ಲರೆ ಇಟ್ಕೊಳ್ಳಿ" ಎಂದು ಹೋಗಿರುತ್ತಾರೆ. ಆದರೆ ಕತ್ತೆಯನ್ನು ಅವರಿಗೆ ಒಪ್ಪಿಸಿರುವುದಿಲ್ಲ. ಅದು ಬದುಕಿರುವವರೆಗೂ ಈ ಕಚೇರಿಯಲ್ಲಿಯೇ ಇರತಕ್ಕದ್ದೆಂದು ಆದೇಶವಾಗಿದ್ದು, ಆದೇಶದಲ್ಲಿ 'ಮಾಲು' ಎಂದು ಅಚ್ಚಾಗಿದ್ದ ಕಡೆಯಲ್ಲೆಲ್ಲ ನ್ಯಾಯಾಧೀಶರು ಅದನ್ನು ಹೊಡೆದುಹಾಕಿ, ಸ್ವಂತ ಕೈಯಿಂದ 'ಜೀವ' ಎಂದು ತಿದ್ದಿರುತ್ತಾರೆ.

ಇದರಿಂದ ಇಲಾಖೆಗೆ ಹೊಸ ತೊಡಕು ಉಂಟಾಗಿದೆ. ಮಾಲುಗಳ ಪುಸ್ತಕದಲ್ಲಿ ಜೀವವನ್ನು ಇಡುವಂತಿಲ್ಲ, ಜೀವಗಳಿಗೆಂದು ಈ ಕಚೇರಿಯಲ್ಲಿ ಪುಸ್ತಕವೇ ಇಲ್ಲ. ಹುಡುಕಲಾಗಿ, ಜೀವಂತ ಇರುವವರ ಹೆಸರು ಬರೆಯುವ ಪುಸ್ತಕ ಒಂದೇ ಸಿಕ್ಕಿದ್ದು, ಅದು ಕಾಯಂ ಸಿಬ್ಬಂದಿಯ ಹಾಜರಿ ಪುಸ್ತಕವಾಗಿರುತ್ತದೆ. ಹಿರಿಯ ಗುಮಾಸ್ತರು ಅದರ ಕೊನೆಯ ಸಾಲಿನಲ್ಲಿ, ಚಂದದ ಅಕ್ಷರದಲ್ಲಿ, ದಾಖಲೆ ಮಾಡಿರುತ್ತಾರೆ. ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿದಾಗ ಎಲ್ಲರೂ ಅಕ್ಕ ಅವರತ್ತ ತಿರುಗಿದ್ದು, ಕಡೆಗೆ 'ಬಾರೇ ತಾಯಿ' ಎಂದು ಬರೆಯಲಾಗಿದೆ.

ಈ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಸಲ್ಲಿಸುವಂತೆ ಕೋರಲಾಗಿ, ಬಹಳ ವರ್ಷಗಳಿಂದ ದಿನಗೂಲಿಯಲ್ಲೇ ಇರುವ ಅಕ್ಕ ಅವರು ಮೌಖಿಕವಾಗಿ ಹೀಗೆ ತಿಳಿಸಿದ್ದಾರೆ: "ನಾನು ಬಂದಾಗ ಈ ಗೋಡೆಗೆ ಸುಣ್ಣನೇ ಹೊಡೆದಿರಲಿಲ್ಲ, ಇನ್ನೂ ಕಾಯಂ ಆಗಿಲ್ಲ. ಮೊನ್ನೆ ಮೊನ್ನೆ ಬಂದ ಇವಳು ಆಗಿಬಿಟ್ಲು ನೋಡಿ! ಹೋಗ್ಲಿ ಬಿಡಿ ಸಾರ್. ಮನೇಲಿ ಒಬ್ರಾದ್ರೂ ಆದ್ರಲ್ಲ."

ಇದನ್ನು ಆಕ್ಷೇಪಣೆ ಎಂದು ಪರಿಗಣಿಸಿರುವುದಿಲ್ಲ. ಆದರೆ ಅಕ್ಕ ಅವರನ್ನು ಕಾಯಂ ಮಾಡುವಂತೆ ಕೋರುವ ಕಡತವನ್ನು ಅಂದೇ ಹುಡುಕಿ ತೆಗೆಯಲಾಗಿದ್ದು, ಅದು ಕೆಳಗೆ ಸಹಿ ಮಾಡಿದವರ ಮೇಜಿನ ಕೆಳಗೇ, ಅಲುಗಾಡುವ ಕಾಲಿಗೆ ಆನಿಸಿಟ್ಟಿದ್ದು ಪತ್ತೆಯಾಗಿರುತ್ತದೆ. ಕಡತ ಮೇಲಿನ ಕಚೇರಿಗೆ ಹೋಗಿದೆ. ಮೇಜು ಅಲುಗಾಡುತ್ತಿದೆ.

ಮೇಲಿನ ಒಂದರಿಂದ ಎಂಟರವರೆಗಿನ ಎಲ್ಲ ಸೂಚನೆಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಊಟದ ಬಿಡುವಿನ ಪದ್ಯವನ್ನು ಮಾತ್ರ ಮುಂದುವರಿಸತಕ್ಕದ್ದು. ಕೇಳಬಯಸುವ ಇತರ ಸಿಬ್ಬಂದಿ ಹಿಂಬಾಗಿಲು ಬಿಟ್ಟು ಮುಂಬಾಗಿಲಿನಿಂದಲೇ ಹೋಗಬಹುದು.

(ಸಹಿ)
ಅಧೀಕ್ಷಕರು
ಪ್ರಾಣಿ ಸಂರಕ್ಷಣಾ ಕಚೇರಿ
(ಛಾಯಾಚಿತ್ರದಲ್ಲಿ ಕಿವಿಗಳ ಕೆಳಗೆ ನಿಂತಿರುವವರು)

ಪ್ರತಿಗಳು:
೧. ಮೇಲಿನ ಕಚೇರಿಗೆ, ಮಾಹಿತಿಗಾಗಿ ಮತ್ತು ಎಂದಿನಂತೆ ಓದದೆ ಕಡತದಲ್ಲಿಡುವುದಕ್ಕಾಗಿ.
೨. ಪಶುವೈದ್ಯರಿಗೆ. ಮುಂದಿನ ಮಗಳ ಮದುವೆಯ ದಿನಾಂಕವನ್ನು ಮುಂಚಿತವಾಗಿ ತಿಳಿಸುವ ಕೋರಿಕೆಯೊಂದಿಗೆ.
೩. ಛಾಯಾಗ್ರಾಹಕರಿಗೆ. ಇನ್ನು ಮುಂದೆ ಪ್ರಾಣಿ ಮುಂದೆ, ಇಲಾಖೆ ಹಿಂದೆ.
೪. ಚಾಲಕರ ಮನೆಯವರಿಗೆ, ಮುಲಾಮಿನ ಡಬ್ಬಿ ಸಮೇತ, ವಂದನೆಗಳೊಂದಿಗೆ.
೫. ಮಾಲು ಸಂಖ್ಯೆ ೧೬ ಮತ್ತು ೧೮ರ ನಡುವಿನ ಖಾಲಿ ಜಾಗಕ್ಕೆ.
೬. ಸೂಚನಾ ಫಲಕಕ್ಕೆ, ಕತ್ತೆಗೆ ಎಟುಕದ ಎತ್ತರದಲ್ಲಿ.
೭. ಬಾರೇ ತಾಯಿ, ಸೈಕಲ್ ಶೆಡ್. ಖುದ್ದಾಗಿ ತಲುಪಿಸತಕ್ಕದ್ದು. ತಿಂದಲ್ಲಿ ಸ್ವೀಕೃತಿ ಎಂದು ಭಾವಿಸಲಾಗುವುದು.